ಹೆಸರು ಬರುವ ಮೊದಲೇ ಹೇಳಿಬಿಡಿ: ವಿಶ್ವವಿದ್ಯಾಲಯದಲ್ಲಿ ಹಿತಾಸಕ್ತಿ ಸಂಘರ್ಷ ನಿಭಾಯಿಸುವ ಬಗೆ

ಸಂದರ್ಶನ ಸಮಿತಿಯ ಸದಸ್ಯರೊಬ್ಬರ ತಂಗಿಯ ಮಗ ಅಭ್ಯರ್ಥಿ. ಅವನ ಸರದಿ ಬಂದಾಗ ಸದಸ್ಯರು ಎದ್ದು ಹೊರಗೆ ಹೋಗುತ್ತಾರೆ, ಮುಗಿದ ಮೇಲೆ ಒಳಗೆ ಬಂದು ಉಳಿದವರಿಗೆ ಅಂಕ ಹಾಕುತ್ತಾರೆ. ಇದೇ ಸರಿಯಾದ ಕ್ರಮ ಎಂದು ಅನೇಕ ಅಧ್ಯಾಪಕರು ಪ್ರಾಮಾಣಿಕವಾಗಿಯೇ ನಂಬಿದ್ದಾರೆ. ಆದರೆ ಇದು ಸಾಲದು. ಉಳಿದವರಿಗೆಲ್ಲ ಎರಡೆರಡು ಅಂಕ ಕಡಿಮೆಯಾದರೂ ಲಾಭ ಆ ಒಬ್ಬನಿಗೇ.

1969ರಲ್ಲೇ ಎ.ಕೆ. ಕ್ರೈಪಾಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಮಾತು ಹೇಳಿದೆ. ಜಮ್ಮು–ಕಾಶ್ಮೀರದಲ್ಲಿ ಭಾರತೀಯ ಅರಣ್ಯ ಸೇವೆಯ ಆಯ್ಕೆಗೆ ಕೂತ ಮಂಡಳಿಯಲ್ಲಿ ಅಲ್ಲಿನ ಪ್ರಭಾರ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ ಸದಸ್ಯರಾಗಿದ್ದರು, ಅಭ್ಯರ್ಥಿಯೂ ಅವರೇ. ತಮ್ಮ ಹೆಸರು ಬಂದಾಗ ದೂರ ಉಳಿದರು, ಪ್ರತಿಸ್ಪರ್ಧಿಗಳ ಚರ್ಚೆಗೆ ಕೂತರು. ಕೋರ್ಟ್ ಆಯ್ಕೆಯನ್ನೇ ರದ್ದು ಮಾಡಿತು. ಪಕ್ಷಪಾತ ನಡೆದೇ ಇದೆ ಎಂದು ಯಾರೂ ಸಾಬೀತು ಮಾಡಬೇಕಿರಲಿಲ್ಲ, ನಡೆಯುವ ಸಂಭವವಿತ್ತು ಎಂಬುದೇ ಸಾಕಾಯಿತು. 1985ರ ಅಶೋಕ್ ಕುಮಾರ್ ಯಾದವ್ ತೀರ್ಪು ಲೋಕಸೇವಾ ಆಯೋಗಗಳಿಗೆ ಕೊಂಚ ಸಡಿಲಿಕೆ ಕೊಟ್ಟಿದೆ: ಅಲ್ಲಿ ಸದಸ್ಯರು ತಮ್ಮ ಸಂಬಂಧಿಯ ಸರದಿಯಲ್ಲಿ ಮಾತ್ರ ಹೊರಗಿದ್ದರೆ ಸಾಕು, ಏಕೆಂದರೆ ಅದು ಸಂವಿಧಾನದ ಸಂಸ್ಥೆ, ಅವರ ಜಾಗಕ್ಕೆ ಬೇರೊಬ್ಬರನ್ನು ತಂದು ಕೂರಿಸಲಾಗದು. ವಿಶ್ವವಿದ್ಯಾಲಯಕ್ಕೆ ಬೇರೆ ವಿಷಯತಜ್ಞರು ಸಿಗುತ್ತಾರೆ. ಹಾಗಾಗಿ ಇಲ್ಲಿ ಇಡೀ ಆಯ್ಕೆಯಿಂದಲೇ ದೂರ ಸರಿಯಬೇಕು.

ಮೊದಲ ಕೆಲಸ: ಘೋಷಣಾ ಪತ್ರ

‘ಹತ್ತಿರದ ಸಂಬಂಧಿಗಳು ಇದ್ದಾರೆಯೇ? ಹೌದು / ಇಲ್ಲ’ ಎಂದು ಕೇಳುವ ನಮೂನೆಯಿಂದ ಪ್ರಯೋಜನವಿಲ್ಲ. ಷಡ್ಡಕ ಹತ್ತಿರದವನೇ, ಬೀಗರು ಹತ್ತಿರದವರೇ ಎಂದು ಪ್ರತಿಯೊಬ್ಬರೂ ತಮಗೆ ತೋಚಿದಂತೆ ಅರ್ಥ ಮಾಡಿಕೊಳ್ಳುತ್ತಾರೆ. ಸಂಬಂಧಗಳನ್ನು ಹೆಸರಿಟ್ಟೇ ಅಚ್ಚು ಹಾಕಿ: ಗಂಡ ಅಥವಾ ಹೆಂಡತಿ, ಮಕ್ಕಳು, ಅಳಿಯ, ಸೊಸೆ, ಒಡಹುಟ್ಟಿದವರು ಮತ್ತು ಅವರ ಮಕ್ಕಳು, ಭಾವ, ಭಾವಮೈದುನ, ನಾದಿನಿ, ಷಡ್ಡಕ, ಸೋದರಮಾವ, ಬೀಗರು. ಎರಡನೇ ಭಾಗದಲ್ಲಿ ಹಣದ ನಂಟು: ಕೈಸಾಲ, ಬ್ಯಾಂಕ್ ಸಾಲಕ್ಕೆ ಹಾಕಿದ ಜಾಮೀನು, ಮನೆ ಬಾಡಿಗೆ, ಕಂಪನಿಯಲ್ಲಿನ ಪಾಲು, ಪುಸ್ತಕದ ಗೌರವಧನ. ಮೂರನೆಯದು ವಿದ್ಯೆಯ ನಂಟು: ತಮ್ಮ ಮಾರ್ಗದರ್ಶಕರು, ತಮ್ಮಲ್ಲಿ ಪಿಎಚ್‌.ಡಿ. ಮಾಡಿದವರು, ಜೊತೆಯಲ್ಲಿ ಪ್ರಬಂಧ ಬರೆದವರು. ಸಹಲೇಖಕರ ವಿಷಯದಲ್ಲಿ ಸಂಶೋಧನೆಗೆ ಹಣ ಕೊಡುವ ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಷನ್ ಕಳೆದ 48 ತಿಂಗಳ ವಿವರ ಕೇಳುತ್ತದೆ. ಆ ಅಳತೆ ನಮಗೂ ಹೊಂದುತ್ತದೆ. ಗುರು–ಶಿಷ್ಯ ನಂಟಿಗೆ ಮಾತ್ರ ಕಾಲಮಿತಿ ಹಾಕಬೇಡಿ.

ಈ ಪತ್ರವನ್ನು ವರ್ಷಕ್ಕೊಮ್ಮೆ, ತರಗತಿಗಳು ಶುರುವಾಗುವ ಮೊದಲು ಪಡೆಯಿರಿ. ಹೊಸ ನಂಟು ಬೆಳೆದರೆ 30 ದಿನದೊಳಗೆ ತಿಳಿಸಬೇಕೆಂದು ಅದರಲ್ಲೇ ಬರೆದಿರಲಿ.

ಸಂದರ್ಶನಕ್ಕೆ ಮುನ್ನ

ಅರ್ಹರ ಪಟ್ಟಿ ಸಿದ್ಧವಾದ ಕೂಡಲೇ ಅದನ್ನು ಸಮಿತಿಗೆ ಕರೆಯಬೇಕೆಂದಿರುವ ತಜ್ಞರಿಗೆ ಗೋಪ್ಯವಾಗಿ ಕಳಿಸಿ, ಮೂರು ಕೆಲಸದ ದಿನಗಳಲ್ಲಿ ಉತ್ತರ ಪಡೆಯಿರಿ. ಹೆಚ್ಚಿನ ಎಡವಟ್ಟು ಆಗುವುದು ಇಲ್ಲೇ. ಸಂದರ್ಶನದ ದಿನ ಬೆಳಿಗ್ಗೆ ಚಹಾದ ಜೊತೆ ಪಟ್ಟಿ ಕೈಗಿಟ್ಟರೆ, ಅದರಲ್ಲಿ ತಮ್ಮ ಶಿಷ್ಯೆಯ ಹೆಸರು ಕಂಡ ತಜ್ಞರು ಏನು ಮಾಡಬೇಕು? ಎದ್ದು ಹೋದರೆ ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ಇಲ್ಲ. ದೂರದಿಂದ ಬಂದ ಅಭ್ಯರ್ಥಿಗಳು ಹೊರಗೆ ಕಾಯುತ್ತಿರುತ್ತಾರೆ, ಎಲ್ಲರೂ ಸೇರಿ ‘ನಡೆಸಿಬಿಡೋಣ’ ಎನ್ನುತ್ತಾರೆ. ಪ್ರತಿ ವಿಷಯಕ್ಕೂ ಇಬ್ಬರು ಬದಲಿ ತಜ್ಞರ ಹೆಸರು ಮೊದಲೇ ಇಟ್ಟುಕೊಂಡಿದ್ದರೆ ಈ ಇಕ್ಕಟ್ಟು ಬರುವುದಿಲ್ಲ.

ನಂಟು ಗಂಭೀರವೋ ಅಲ್ಲವೋ ಎಂಬ ತೀರ್ಮಾನ ಘೋಷಿಸಿದವರದ್ದಲ್ಲ. ‘ನನಗೇನೂ ಪಕ್ಷಪಾತವಿಲ್ಲ’ ಎಂಬ ಮಾತು ನಿಜವೇ ಇದ್ದರೂ ಅದನ್ನು ತೂಗಬೇಕಾದವರು ಬೇರೆಯವರು. ವಿಭಾಗ ಮುಖ್ಯಸ್ಥರೇ ನಂಟಿರುವವರಾದರೆ ಕಡತ ಕುಲಸಚಿವರಿಗೆ, ಕುಲಸಚಿವರದ್ದಾದರೆ ಕುಲಪತಿಗಳಿಗೆ ಹೋಗಲಿ.

ನಡಾವಳಿಯಲ್ಲಿ ಏನು ಬರೆಯಬೇಕು

ಹಿಂದೆ ಸರಿದದ್ದು ದಾಖಲೆಯಲ್ಲಿ ಇಲ್ಲದಿದ್ದರೆ ಕೋರ್ಟಿನಲ್ಲಿ ಅದು ನಡೆದೇ ಇಲ್ಲದಂತೆ. ಪಠ್ಯ ನಿರ್ಧರಿಸುವ ಅಧ್ಯಯನ ಮಂಡಳಿಯಂಥ ಸಭೆಯಲ್ಲಿ ಒಂದು ವಿಷಯಕ್ಕಷ್ಟೇ ಹೊರಗಿರುವವರ ಬಗ್ಗೆ ಹೀಗೆ ಬರೆದರೆ ಸಾಕು: ‘ವಿಷಯ 4ರಲ್ಲಿ ತಮ್ಮ ಪುಸ್ತಕವಿದೆಯೆಂದು ಸದಸ್ಯರು ಘೋಷಿಸಿದ್ದು, ಅವರಿಗೆ ಆ ವಿಷಯದ ಟಿಪ್ಪಣಿ ಕಳಿಸಿರುವುದಿಲ್ಲ. ಬೆಳಿಗ್ಗೆ 11.20ಕ್ಕೆ ಹೊರಗೆ ಹೋಗಿ, ತೀರ್ಮಾನವಾದ ಮೇಲೆ 11.45ಕ್ಕೆ ಮರಳಿದರು. ಉಳಿದವರಿಂದ ಕೋರಂ ಇತ್ತು.’ ಟಿಪ್ಪಣಿ ಕಳಿಸಿಲ್ಲ ಎಂಬ ಸಾಲನ್ನು ಬಹಳ ಮಂದಿ ಮರೆಯುತ್ತಾರೆ.

ಪುಸ್ತಕದ ಮಾತು ಬಂದದ್ದರಿಂದ ಇನ್ನೊಂದು ಎಚ್ಚರಿಕೆ. 1984ರ ಜೆ. ಮೊಹಾಪಾತ್ರ ಪ್ರಕರಣದಲ್ಲಿ, ಒಡಿಶಾದ ಗ್ರಂಥಾಲಯಗಳಿಗೆ ಪುಸ್ತಕ ಆರಿಸುವ ಸಮಿತಿಯಲ್ಲಿ ಲೇಖಕರೇ ಕೂತಿದ್ದರು. ತಮ್ಮ ಪುಸ್ತಕ ಬಂದಾಗ ಸುಮ್ಮನಿದ್ದರೆ ಸಾಕೆಂಬ ವಾದವನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ನಿನ್ನ ಪುಸ್ತಕಕ್ಕೆ ನಾನು, ನನ್ನದಕ್ಕೆ ನೀನು ಎಂಬ ಕೊಡುಕೊಳ್ಳುವಿಕೆ ಆಗಬಹುದಲ್ಲ! ಮಂಡಳಿಯಲ್ಲಿ ಇಬ್ಬರು–ಮೂವರ ಪುಸ್ತಕಗಳು ಒಟ್ಟಿಗೆ ಪಟ್ಟಿಯಲ್ಲಿದ್ದರೆ, ಲೇಖಕರಲ್ಲದವರ ಉಪಸಮಿತಿಗೆ ಇಡೀ ಪಟ್ಟಿ ಒಪ್ಪಿಸಿ.

ಪರೀಕ್ಷೆ ಮತ್ತು ಆಂತರಿಕ ಅಂಕ

ಮಗಳು ಅದೇ ಸೆಮಿಸ್ಟರಿನಲ್ಲಿ ಓದುತ್ತಿದ್ದರೆ ತಂದೆ ಪ್ರಶ್ನೆಪತ್ರಿಕೆ ತಯಾರಿಸಬಾರದು, ಪರಿಶೀಲಿಸಬಾರದು, ಆ ಪತ್ರಿಕೆಯ ಮೌಲ್ಯಮಾಪನಕ್ಕೂ ಹೋಗಬಾರದು. ನೇಮಕದ ಪತ್ರ ಬಂದ ಮೇಲೆ ಕಾರಣ ಹೇಳಿ ತಿರಸ್ಕರಿಸಿದರೆ ಆ ಸಲದ ಪ್ರಶ್ನೆಪತ್ರಿಕೆಯ ಗೋಪ್ಯತೆಗೇ ಧಕ್ಕೆ. ವಾರ್ಷಿಕ ಘೋಷಣೆಯ ಒಂದು ಪ್ರತಿ ಕುಲಸಚಿವರ (ಮೌಲ್ಯಮಾಪನ) ಬಳಿ ಇದ್ದರೆ ಅಂಥವರಿಗೆ ನೇಮಕವೇ ಹೋಗುವುದಿಲ್ಲ. ಉತ್ತರಪತ್ರಿಕೆಗೆ ಕೋಡ್ ಹಾಕಿದ್ದೇವೆ ಎಂದು ನೆಮ್ಮದಿಯಿಂದಿರಬೇಡಿ, ಮಗಳ ಕೈಬರಹ ತಂದೆಗೆ ಗೊತ್ತು. ಆಂತರಿಕ ಅಂಕಕ್ಕಂತೂ ಕೋಡೂ ಇಲ್ಲ. ಅವಳ ಕಿರುಪರೀಕ್ಷೆ, ಅಸೈನ್‌ಮೆಂಟುಗಳನ್ನು ಇನ್ನೊಬ್ಬ ಅಧ್ಯಾಪಕರು ನೋಡಿ ಸಹಿ ಮಾಡಲಿ. ಹುಡುಗಿಗೆ ‘ಅಪ್ಪ ಕೊಟ್ಟ ಅಂಕ’ ಎಂಬ ಮಾತು ಅಂಟದಿರಲಿಕ್ಕೂ ಇದು ಬೇಕು.

ಪಿಎಚ್‌.ಡಿ. ಪ್ರಬಂಧಕ್ಕೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದಂತೆ ಮಾರ್ಗದರ್ಶಕರ ಜೊತೆಗೆ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು ಬೇಕು. ಹೊರಗಿನವರು ಎಂದರೆ ಬೇರೆ ಊರಿನವರು ಎಂದಷ್ಟೇ ಅಲ್ಲ. ಸೂಚಿಸಿದ ಪ್ರತಿ ಹೆಸರನ್ನೂ ಮಾರ್ಗದರ್ಶಕರ ಹೆಸರಿನ ಜೊತೆ ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿ ನೋಡಿ, ಸಹಲೇಖಕರಿದ್ದರೆ ಎರಡು ನಿಮಿಷದಲ್ಲಿ ಸಿಕ್ಕಿಬೀಳುತ್ತದೆ.

ಇನ್ನು ವಿಶ್ವವಿದ್ಯಾಲಯದ ಖರೀದಿಯಲ್ಲಿ ಒಂದೇ ತಪಾಸಣೆ ಹೇಳಬೇಕೆಂದರೆ ಇದು: ಅಂಗಡಿಗಳು ಕೊಟ್ಟ ಮೂರು ದರಪಟ್ಟಿಗಳ ಜಿಎಸ್‌ಟಿ ಸಂಖ್ಯೆಗಳನ್ನು ಪಕ್ಕಪಕ್ಕ ಇಡಿ. 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ್ದು, ನಂತರದ ಹತ್ತು ಮಾಲೀಕರ ಪ್ಯಾನ್. ಎರಡು ಅಂಗಡಿಗಳ ಪ್ಯಾನ್ ಒಂದೇ ಆಗಿದ್ದರೆ ಅಂಗಡಿ ಒಂದೇ.

ಆಯ್ಕೆ ಮುಗಿದ ಮೇಲೆ ನಂಟು ಬೆಳಕಿಗೆ ಬಂದರೆ ನೇಮಕಾತಿ ಆದೇಶವನ್ನು ತಡೆಹಿಡಿದು ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್ ಮುಂದಿಡಿ. ಆ ಸದಸ್ಯರ ಅಂಕಗಳನ್ನಷ್ಟೇ ಕಳೆದು ಪಟ್ಟಿ ಸರಿಮಾಡಲು ಹೋಗಬೇಡಿ, ಅವರ ಮಾತು ಉಳಿದವರ ಅಂಕದಲ್ಲೂ ಸೇರಿರುತ್ತದೆ. ಹೊಸ ಸಮಿತಿಯಿಂದ ಸಂದರ್ಶನ ಮತ್ತೆ ನಡೆಯಲಿ. ಆದೇಶ ಈಗಾಗಲೇ ಕೈಸೇರಿದ್ದರೆ, ಆಯ್ಕೆಯಾದವರಿಗೆ ನೋಟಿಸ್ ಕೊಟ್ಟು ಅವರ ಮಾತು ಕೇಳದೆ ಅದನ್ನು ಹಿಂತೆಗೆದುಕೊಳ್ಳಬಾರದು. ಅವರಿಗೆ ಈ ನಂಟಿನ ಅರಿವೇ ಇಲ್ಲದಿರಬಹುದು.