ಹಳೆಯ ಮೋಟಾರು ದೋಣಿಯನ್ನು ಕೊಳ್ಳುವುದು, ಅದರ ವೇಗವನ್ನು ಮರಳಿ ಪಡೆಯುವುದು

ಮಿಷಿಗನ್, ಮಿನ್ನೆಸೋಟ, ವಿಸ್ಕಾನ್ಸಿನ್‌ನಂಥ ಸರೋವರಗಳ ರಾಜ್ಯಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಬೇಸಿಗೆಗೆಂದು ದೋಣಿ ಹುಡುಕಲು ಹೊರಟರೆ, ಕೈಗೆಟಕುವ ಬೆಲೆಯಲ್ಲಿ ಸಾಮಾನ್ಯವಾಗಿ ಸಿಗುವುದು ಬೌರೈಡರ್ ಎಂಬ ಬಗೆಯ ಹಳೆಯ ದೋಣಿ. 17ರಿಂದ 20 ಅಡಿ ಉದ್ದದ ಫೈಬರ್‌ಗ್ಲಾಸ್ ಒಡಲು, ಮೂತಿಯ ಭಾಗದಲ್ಲೂ ಕೂರಲು ಜಾಗ, ಹಿಂದೆ ಮುಚ್ಚಳದ ಕೆಳಗೆ ಕಾರಿನದನ್ನು ಹೋಲುವ ಎಂಜಿನ್, ಅಲ್ಲಿಂದ ಹಿಂಗೋಡೆಯನ್ನು ತೂರಿ ನೀರಿಗಿಳಿಯುವ ಸ್ಟರ್ನ್‌ಡ್ರೈವ್ ಅದರ ಗುರುತುಗಳು. ಮರ್ಕ್ರೂಸರ್‌ನ 3.0 ಲೀಟರಿನ, ನಾಲ್ಕು ಸಿಲಿಂಡರಿನ, 135 ಅಶ್ವಶಕ್ತಿಯ ಎಂಜಿನ್ ಇಂಥ ದೋಣಿಗಳಲ್ಲಿ ಬಹಳ ಬಳಕೆಯಾದದ್ದರಿಂದ ಅದನ್ನೇ ಇಲ್ಲಿ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ.

ಹಳೆಯ ದೋಣಿ ನಿಧಾನವಾಗಿ ಓಡಿದರೆ ಎಂಜಿನ್ ಸಾಲದು ಎಂದು ತೀರ್ಮಾನಿಸುವವರೇ ಹೆಚ್ಚು. ಆದರೆ ಹೊಸದಾಗಿದ್ದಾಗ ಅದೇ ಎಂಜಿನ್ ಅದೇ ದೋಣಿಯನ್ನು ಸಲೀಸಾಗಿ ಓಡಿಸಿರುತ್ತದೆ. ನಡುವಿನ ವರ್ಷಗಳಲ್ಲಿ ಒಳಗೆ ಕುಡಿದ ನೀರಿನ ತೂಕ, ತಳಕ್ಕೆ ಹತ್ತಿದ ಪಾಚಿ, ಪ್ರೊಪೆಲರಿನ ಏಟು, ಎಂಜಿನಿನ ಸವೆತ ಇವು ಒಂದೊಂದಾಗಿ ವೇಗವನ್ನು ಕಸಿದುಕೊಂಡಿರುತ್ತವೆ. ಹೀಗೆ ಕಳೆದುಹೋದದ್ದರಲ್ಲಿ ಯಾವುದು ಅಗ್ಗವಾಗಿ ಮರಳಿ ಬರುತ್ತದೆ, ಯಾವುದು ಬರುವುದೇ ಇಲ್ಲ ಎಂಬುದನ್ನು ಕೊಳ್ಳುವ ಮೊದಲೇ ಅರಿತುಕೊಂಡರೆ ಮುಂದಿನ ಅರ್ಧ ಕೆಲಸ ಅಲ್ಲಿಯೇ ಮುಗಿಯುತ್ತದೆ.

ಮೊದಲು ಮರವನ್ನು ನೋಡಿ

ಫೈಬರ್‌ಗ್ಲಾಸ್ ಕೊಳೆಯುವುದಿಲ್ಲ ಎಂಬುದು ನಿಜವಾದರೂ, ಹಳೆಯ ದೋಣಿಗಳಲ್ಲಿ ಬಹುಪಾಲಿನ ಹಿಂಗೋಡೆ, ಅಂದರೆ ಟ್ರಾನ್ಸಂ, ಉದ್ದಕ್ಕೂ ಹಾಯುವ ಸ್ಟ್ರಿಂಗರ್ ತೊಲೆಗಳು ಮತ್ತು ಕಾಲಡಿಯ ನೆಲ ಇವೆಲ್ಲ ಫೈಬರಿನ ಹೊದಿಕೆಯೊಳಗಿನ ಪ್ಲೈವುಡ್ಡು ಅಥವಾ ಮರವೇ ಆಗಿರುತ್ತವೆ. ಸೀಟನ್ನೋ ಏಣಿಯನ್ನೋ ಕೂರಿಸಲು ಯಾರೋ ಕೊರೆದ ಸ್ಕ್ರೂ ರಂಧ್ರಕ್ಕೆ ಸರಿಯಾಗಿ ಸೀಲಂಟ್ ಹಾಕದಿದ್ದರೆ ಅಷ್ಟು ಸಾಕು, ನೀರು ಇಳಿದು ಮರ ಒಳಗೊಳಗೇ ಮೆತ್ತಗಾಗುತ್ತದೆ, ಹೊರಗಿನ ಹೊಳಪು ಹಾಗೆಯೇ ಉಳಿಯುತ್ತದೆ. ಒಂದು ಪ್ಲಾಸ್ಟಿಕ್ ಸುತ್ತಿಗೆಯಿಂದ ಟ್ರಾನ್ಸಂ ಮೇಲೆ ಅಂಗೈ ಅಗಲಕ್ಕೊಂದರಂತೆ ತಟ್ಟುತ್ತ ಹೋಗಿ: ಗಟ್ಟಿ ಮರವಿದ್ದಲ್ಲಿ ಟಣ್ ಎಂದು ಚುರುಕಾದ ಸದ್ದು ಬರುತ್ತದೆ, ನೀರು ಕುಡಿದಲ್ಲಿ ದಪ್ ಎಂದು ಸತ್ತ ಸದ್ದು. ಡ್ರೈವ್ ಕೂರಿಸಿರುವ ದೊಡ್ಡ ಕಿಂಡಿಯ ಸುತ್ತ, ನೀರು ಬಸಿಯುವ ಬಿರಡೆಯ ಸುತ್ತ ಹೆಚ್ಚು ಹೊತ್ತು ತಟ್ಟಬೇಕು. ಆಮೇಲೆ ಡ್ರೈವನ್ನು ಅರ್ಧ ಎತ್ತಿ, ಅದರ ತುದಿಯನ್ನು ಮೇಲೆ ಕೆಳಗೆ ಬಲವಾಗಿ ಒತ್ತುತ್ತಿರುವಾಗ ಜೊತೆಗಿದ್ದವರೊಬ್ಬರು ಟ್ರಾನ್ಸಂ ಬಾಗುವುದೇ ಎಂದು ಗಮನಿಸಲಿ. ಬಾಗಿದರೆ ಅಲ್ಲಿಗೇ ಮಾತು ನಿಲ್ಲಿಸಿ. ಟ್ರಾನ್ಸಂ ಕಿತ್ತು ಹೊಸದಾಗಿ ಕಟ್ಟಿಸುವ ಖರ್ಚು ಎಷ್ಟೋ ಸಲ ದೋಣಿಯ ಬೆಲೆಯನ್ನೇ ಮೀರುತ್ತದೆ. ಹೊಸ ಸೀಟು, ಹೊಸ ಸ್ಪೀಕರುಗಳು ಇದಕ್ಕೆ ಪರಿಹಾರವಲ್ಲ.

ನೆಲದ ಕೆಳಗೆ ತುಂಬಿರುವ ತೇಲುವ ಫೋಮ್ ಇನ್ನೊಂದು ಗುಟ್ಟಿನ ಶತ್ರು. ವರ್ಷಗಟ್ಟಲೆ ನೀರಿನಲ್ಲಿ ನೆನೆದ ಫೋಮ್ ನೂರಾರು ಪೌಂಡ್ ನೀರನ್ನು ಹಿಡಿದಿಟ್ಟುಕೊಳ್ಳಬಲ್ಲದು, ಅದು ಕಣ್ಣಿಗೆ ಕಾಣುವುದಿಲ್ಲ. ಇದನ್ನು ಪತ್ತೆ ಹಚ್ಚಲು ಸರಳ ಉಪಾಯವೆಂದರೆ ಹೆದ್ದಾರಿಯ ಟ್ರಕ್ ಸ್ಟಾಪಿನಲ್ಲಿರುವ ವೇ ಬ್ರಿಜ್. ದೋಣಿ ಹೊತ್ತ ಟ್ರೈಲರ್ ಮತ್ತು ಎಳೆಯುವ ವಾಹನವನ್ನು ಒಮ್ಮೆ ತೂಗಿ, ದೋಣಿಯನ್ನು ನೀರಿಗಿಳಿಸಿದ ದಿನ ಖಾಲಿ ಟ್ರೈಲರಿನೊಂದಿಗೆ ಇನ್ನೊಮ್ಮೆ ತೂಗಿದರೆ ವ್ಯತ್ಯಾಸವೇ ದೋಣಿಯ ತೂಕ. ಅದರಲ್ಲಿ ಪೆಟ್ರೋಲಿಗೆ ಗ್ಯಾಲನ್ನಿಗೆ ಸುಮಾರು 6 ಪೌಂಡಿನಂತೆ ಕಳೆದು, ಉಳಿದದ್ದನ್ನು ತಯಾರಕರು ಆ ಮಾದರಿಗೆ ಕೊಟ್ಟ ಒಣ ತೂಕದೊಡನೆ ಹೋಲಿಸಿ. ಬ್ಯಾಟರಿ, ಲಂಗರು, ಹಗ್ಗಗಳ ಲೆಕ್ಕ ಬಿಟ್ಟ ಮೇಲೂ 400 ಪೌಂಡ್ ಹೆಚ್ಚು ಬಂದರೆ, ಇಬ್ಬರು ದಪ್ಪ ಪ್ರಯಾಣಿಕರು ಎಂದೂ ಇಳಿಯದೆ ನೆಲದಡಿ ಕುಳಿತಂತೆ.

ತಳವನ್ನು ನೋಡಲು ಒಂದು ನೇರವಾದ ಅಲ್ಯೂಮಿನಿಯಂ ಪಟ್ಟಿ ಸಾಕು. ಟ್ರಾನ್ಸಮಿನಿಂದ ಮುಂದಕ್ಕೆ ನಾಲ್ಕೈದು ಅಡಿ ಉದ್ದಕ್ಕೆ ಪಟ್ಟಿಯನ್ನು ತಳಕ್ಕೆ ಒತ್ತಿ ಹಿಡಿದು, ಅದರ ಮಧ್ಯೆ ಬೆಳಕು ಕಾಣುವುದೇ ನೋಡಿ. ಟ್ರೈಲರಿನ ಆಧಾರಗಳು ತಪ್ಪಾದ ಜಾಗದಲ್ಲಿದ್ದು ವರ್ಷಾನುಗಟ್ಟಲೆ ಒತ್ತಿದ್ದರೆ ತಳ ಅಲ್ಲಿ ಒಳಕ್ಕೆ ಕುಸಿದಿರುತ್ತದೆ. ಅಂಥ ದೋಣಿ ವೇಗದಲ್ಲಿ ಮೂತಿಯನ್ನು ಕೆಳಗೊತ್ತಿಕೊಂಡೇ ಓಡುತ್ತದೆ. ತಳ ಹೊರಕ್ಕೆ ಉಬ್ಬಿದ್ದರೆ ಮೂತಿ ಮೇಲೆ ಕೆಳಗೆ ಕುಪ್ಪಳಿಸುತ್ತದೆ. ಎರಡನ್ನೂ ಪ್ರೊಪೆಲರ್ ಬದಲಿಸಿ ಸರಿಪಡಿಸಲಾಗದು.

ಎಂಜಿನ್ ಮತ್ತು ಡ್ರೈವ್

ನೀವು ಬರುವ ಮೊದಲು ಎಂಜಿನ್ ಚಾಲೂ ಮಾಡಬಾರದೆಂದು ಮಾರುವವರಿಗೆ ಮುಂಚಿತವಾಗಿ ತಿಳಿಸಿ, ಬಂದ ಕೂಡಲೇ ಎಂಜಿನ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ತಣ್ಣಗೆ ಚಾಲೂ ಆಗುವುದರಲ್ಲೇ ಏನೋ ತೊಂದರೆಯಿರಬಹುದು. ಮನೆಯಂಗಳದಲ್ಲಿ ಓಡಿಸುವುದಾದರೆ ಡ್ರೈವಿನ ನೀರಿನ ಕಿಂಡಿಗಳಿಗೆ ಹೋಸ್‌ಪೈಪಿನ ರಬ್ಬರ್ ಕಪ್ಪುಗಳನ್ನು ಕೂರಿಸಿ ನಲ್ಲಿ ಬಿಟ್ಟಿರಲೇಬೇಕು, ಇಲ್ಲದಿದ್ದರೆ ನೀರೆತ್ತುವ ರಬ್ಬರಿನ ಇಂಪೆಲರ್ ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗುತ್ತದೆ.

ಉತ್ತರದ ರಾಜ್ಯಗಳ ದೋಣಿಗಳಲ್ಲಿ ಅತ್ಯಂತ ದುಬಾರಿ ಕಾಯಿಲೆ ಚಳಿಗಾಲದ್ದು. ಸರೋವರದ ನೀರಿನಿಂದಲೇ ತಣಿಯುವ ಎಂಜಿನ್ನಿನಿಂದ ಶರತ್ಕಾಲದಲ್ಲಿ ನೀರನ್ನು ಪೂರ್ತಿ ಬಸಿಯದಿದ್ದರೆ ಅದು ಹೆಪ್ಪುಗಟ್ಟಿ ಹಿಗ್ಗಿ ಎರಕದ ಬ್ಲಾಕನ್ನೇ ಸೀಳುತ್ತದೆ. ಬ್ಲಾಕಿನ ಎರಡೂ ಬದಿಗಳಲ್ಲಿ ಅಡ್ಡಕ್ಕೆ ಹರಿದ ತುಕ್ಕಿನ ಗೆರೆ, ಒಂದೇ ಕಡೆ ಹೊಸದಾಗಿ ಬಳಿದ ಬಣ್ಣ, ಡಿಪ್‌ಸ್ಟಿಕ್ಕಿನ ತುದಿಯಲ್ಲಿ ಹಾಲು ಬೆರೆತಂತೆ ಕಾಣುವ ಎಣ್ಣೆ ಇವುಗಳಲ್ಲಿ ಒಂದು ಕಂಡರೂ ಹಿಂದಿರುಗಿ ಬನ್ನಿ. ಸಿಲಿಂಡರಿನೊಳಗಿನ ಒತ್ತಡವನ್ನು ಅಳೆಯುವ ಕಂಪ್ರೆಶನ್ ಪರೀಕ್ಷೆಯಲ್ಲಿ ನಾಲ್ಕೂ ಸಿಲಿಂಡರುಗಳ ಅಂಕಿಗಳು ಒಂದಕ್ಕೊಂದು ಹತ್ತಿರವಿರಬೇಕು. ಅತಿ ಹೆಚ್ಚಿನದಕ್ಕೂ ಅತಿ ಕಡಿಮೆಯದಕ್ಕೂ ನೂರಕ್ಕೆ ಹದಿನೈದಕ್ಕಿಂತ ಹೆಚ್ಚು ಅಂತರವಿದ್ದರೆ ಮೆಕ್ಯಾನಿಕ್‌ನ ಅಭಿಪ್ರಾಯ ಕೇಳದೆ ಮುಂದುವರಿಯಬಾರದು. ದೋಣಿ ಮೊದಲು ಸಮುದ್ರತೀರದಲ್ಲಿತ್ತೆಂದು ತಿಳಿದರೆ ಎಂಜಿನ್ನಿನ ಹೊಗೆಯನ್ನು ಹೊರಗೊಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡುಗಳ ವಯಸ್ಸನ್ನು ಕೇಳಿ, ಉಪ್ಪುನೀರು ಅವನ್ನು ಒಳಗಿನಿಂದ ತಿನ್ನುತ್ತದೆ.

ಡ್ರೈವಿನ ಕೆಳತುದಿಯ ಸ್ಕ್ರೂವನ್ನು ಸ್ವಲ್ಪ ಸಡಿಲಿಸಿ ಗೇರ್ ಎಣ್ಣೆಯ ಕೆಲವು ಹನಿಗಳನ್ನು ಬಿಳಿಯ ಕಾಗದದ ಮೇಲೆ ಬೀಳಿಸಿಕೊಳ್ಳಿ. ಹಾಲಿನ ಬಣ್ಣವಿದ್ದರೆ ಸೀಲುಗಳು ಸೋರುತ್ತಿವೆ, ಲೋಹದ ಚೂರುಗಳಿದ್ದರೆ ಗೇರುಗಳು ಸವೆಯುತ್ತಿವೆ. ಡ್ರೈವಿಗೂ ಟ್ರಾನ್ಸಮಿಗೂ ನಡುವಿನ ಅಕಾರ್ಡಿಯನ್ ಮಡಿಕೆಯಂಥ ರಬ್ಬರಿನ ಬೆಲ್ಲೋಸನ್ನು ಟಾರ್ಚ್ ಬಿಟ್ಟು, ಮಡಿಕೆಗಳನ್ನು ಬೆರಳಿನಿಂದ ಬಿಡಿಸಿ ನೋಡಬೇಕು. ಅದು ಸೀಳಿದರೆ ನೀರು ಬೇರಿಂಗನ್ನು ಹಾಳುಮಾಡುವುದಷ್ಟೇ ಅಲ್ಲ, ಕಟ್ಟೆಗೆ ಕಟ್ಟಿದ ದೋಣಿಯೇ ಮುಳುಗಬಹುದು. ಎಂಜಿನ್ ಓಡುತ್ತಿರುವಾಗ ಸ್ಟಿಯರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿದಾಗ ಗುರುಗುಟ್ಟುವ ಸದ್ದು ಕೇಳಿದರೆ ಆ ಬೇರಿಂಗ್ ಆಗಲೇ ಹಾಳಾಗಿದೆ ಎಂದೇ ತಿಳಿಯಿರಿ.

ನೀರಿನ ಮೇಲಿನ ಪರೀಕ್ಷೆ

“ಹೋದ ವರ್ಷ ಚೆನ್ನಾಗಿಯೇ ಓಡುತ್ತಿತ್ತು” ಎಂಬ ಮಾತಿಗೆ ಬೆಲೆ ಕಟ್ಟಬೇಡಿ. ಶರತ್ಕಾಲದಲ್ಲಿ ಬೆಲೆ ಇಳಿಯುತ್ತದೆಂಬುದು ನಿಜ. ಆದರೆ ಸರೋವರ ಹೆಪ್ಪುಗಟ್ಟಿದ ಮೇಲೆ ಕೊಳ್ಳುವುದೆಂದರೆ ಪರೀಕ್ಷೆಯಿಲ್ಲದೆ ಕೊಳ್ಳುವುದೇ, ಆದ್ದರಿಂದ ಸೆಪ್ಟೆಂಬರ್ ಸೂಕ್ತ ತಿಂಗಳು. ಚಾಲೂ ಮಾಡುವ ಮುನ್ನ ಎಂಜಿನ್ ಕೋಣೆಯ ಪೆಟ್ರೋಲ್ ಆವಿಯನ್ನು ಹೊರಹಾಕುವ ಬ್ಲೋವರನ್ನು ನಾಲ್ಕು ನಿಮಿಷ ಓಡಿಸಿ, ಚಾಲೂ ಆದ ಮೇಲೆ ಚಾಲಕನಿಗೆ ಕಟ್ಟುವ ತುರ್ತು ನಿಲುಗಡೆಯ ಹುರಿಯನ್ನು ಎಳೆದು ಎಂಜಿನ್ ನಿಲ್ಲುವುದೇ ಎಂದು ನೋಡಿ. 2021ರ ಏಪ್ರಿಲ್‌ನಿಂದ ಇಂಥ ಸ್ವಿಚ್ ಅಳವಡಿಸಿರುವ 26 ಅಡಿಗಿಂತ ಚಿಕ್ಕ ದೋಣಿಗಳು ವೇಗದಲ್ಲಿ ಓಡುವಾಗ ಆ ಹುರಿಯನ್ನು ಬಳಸುವುದು ಅಮೆರಿಕದ ಕಾನೂನು.

ಈ ಓಟದಲ್ಲಿ ಬರೆದುಕೊಳ್ಳುವ ಅಂಕಿಗಳೇ ಮುಂದೆ ನಿಮ್ಮ ಅಳತೆಗೋಲು. ಎಷ್ಟು ಜನರಿದ್ದರು, ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲಿತ್ತು, ನಿಂತಲ್ಲಿಂದ ಹೊರಟು ದೋಣಿ ನೀರಿನ ಮೇಲೆ ಎದ್ದು ಸಮತಲವಾಗಲು ಎಷ್ಟು ಸೆಕೆಂಡು ಹಿಡಿಯಿತು, ಪೂರ್ತಿ ಥ್ರಾಟಲಿನಲ್ಲಿ ಎಂಜಿನ್ ಎಷ್ಟು ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು, ತಲುಪಿತು, ಫೋನಿನ ಜಿಪಿಎಸ್ ಎಷ್ಟು ವೇಗ ತೋರಿಸಿತು ಎಂದು ಗುರುತಿಸಿಕೊಳ್ಳಿ. ಹಿಂದಿರುಗಿದ ಮೇಲೆ ಬಿಸಿ ಎಂಜಿನ್ನನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಿ, ತಳದ ಬಿಲ್ಜಿನಲ್ಲಿ ಹೊಸ ನೀರು ಬಂದಿದೆಯೇ ನೋಡಿ. ಪರೀಕ್ಷೆಗೆ ಒಪ್ಪದ ಮಾರಾಟಗಾರರಿಂದ ಕೊಳ್ಳುವ ಅಗತ್ಯವಿಲ್ಲ.

ಕಾಗದಪತ್ರಗಳ ವಿಷಯ ಚಿಕ್ಕದು. 1972ರ ನವೆಂಬರ್ ನಂತರದ ಪ್ರತಿಯೊಂದು ದೋಣಿಗೂ ಟ್ರಾನ್ಸಮಿನ ಬಲಮೂಲೆಯ ಮೇಲ್ಭಾಗದಲ್ಲಿ 12 ಅಕ್ಷರಾಂಕಿಗಳ ಗುರುತಿನ ಸಂಖ್ಯೆಯಿರುತ್ತದೆ. ಅದು ದಾಖಲೆಯಲ್ಲಿರುವುದರೊಂದಿಗೆ ಅಕ್ಷರಶಃ ಹೊಂದಬೇಕು, ಸಾಲ ಬಾಕಿಯಿರಬಾರದು. 20 ಅಡಿಗಿಂತ ಚಿಕ್ಕ ದೋಣಿಗಳಲ್ಲಿ ಎಷ್ಟು ಜನ, ಎಷ್ಟು ತೂಕ ಎಂದು ಹೇಳುವ ಫಲಕವಿರುತ್ತದೆ. ಊರಿನಿಂದ ಬಂದ ಅಪ್ಪ ಅಮ್ಮ, ಎರಡು ಮನೆಗಳ ಮಕ್ಕಳು, ಚಿತ್ರಾನ್ನದ ಡಬ್ಬಿಗಳು ಎಲ್ಲವೂ ಆ ಮಿತಿಯೊಳಗೇ ಬರಬೇಕು, ಪ್ರತಿಯೊಬ್ಬರ ಮೈಗೂ ಹೊಂದುವ ಲೈಫ್ ಜಾಕೆಟ್ ಇರಬೇಕು. ಟ್ರೈಲರಿನ ಟಯರುಗಳ ವಯಸ್ಸು, ಬೇರಿಂಗುಗಳ ಗ್ರೀಸು, ದೀಪಗಳನ್ನೂ ಮರೆಯದೆ ನೋಡಿ.

ಕೊಂಡ ಮೇಲೆ ವೇಗ

ಕೆಲಸದ ಕ್ರಮ ಮುಖ್ಯ, ಒಂದೊಂದು ಬದಲಾವಣೆಯ ನಂತರವೂ ಅದೇ ಜನ, ಅದೇ ಪೆಟ್ರೋಲಿನೊಂದಿಗೆ ಅಳೆಯಬೇಕು. ಮೊದಲು ಹಳೆಯ ಮಾಲೀಕರು ಬಿಟ್ಟುಹೋದ ಬೇಡದ ಸಾಮಾನುಗಳನ್ನು ಇಳಿಸಿ, ತಳದ ಕಂದು ಲೇಪವನ್ನೂ ಪಾಚಿಯನ್ನೂ ಉಜ್ಜಿ ತೆಗೆಯಿರಿ. ತಳಕ್ಕೆ ಬಣ್ಣ ಬಳಿಯುವುದಿದ್ದರೆ ತಾಮ್ರವಿರುವ ಬಣ್ಣ ಅಲ್ಯೂಮಿನಿಯಂ ಡ್ರೈವಿಗೆ ತಾಗಬಾರದು, ಲೋಹ ತಿಂದುಹೋಗುತ್ತದೆ. ಅನಂತರ ಸ್ಪಾರ್ಕ್ ಪ್ಲಗ್ಗುಗಳು, ಡಿಸ್ಟ್ರಿಬ್ಯೂಟರಿನ ಮುಚ್ಚಳ, ಪೆಟ್ರೋಲಿನಿಂದ ನೀರನ್ನು ಬೇರ್ಪಡಿಸುವ ಫಿಲ್ಟರು, ಇಂಪೆಲರ್ ಇವನ್ನು ಬದಲಿಸಿ, ಕಿಡಿ ಹಾರುವ ಸಮಯವನ್ನು, ಅಂದರೆ ಟೈಮಿಂಗ್ ಸರಿಪಡಿಸಿ. ಥ್ರಾಟಲ್ ಹಿಡಿಯನ್ನು ಪೂರ್ತಿ ಮುಂದಕ್ಕೆ ತಳ್ಳಿ ಕಾರ್ಬ್ಯುರೇಟರಿನ ಕದ ನಿಜವಾಗಿ ಪೂರ್ತಿ ತೆರೆಯುತ್ತದೆಯೇ ಎಂದು ಎಂಜಿನ್ ನಿಲ್ಲಿಸಿದ್ದಾಗ ನೋಡಿ. ಕೇಬಲ್ ಹಿಗ್ಗಿ ಮುಕ್ಕಾಲು ಮಾತ್ರ ತೆರೆಯುವ ದೋಣಿಗಳು ಅಪರೂಪವಲ್ಲ. ಎಥನಾಲ್ ನೂರಕ್ಕೆ ಹತ್ತಕ್ಕಿಂತ ಹೆಚ್ಚಿರುವ ಪೆಟ್ರೋಲನ್ನು ದೋಣಿಗೆ ಹಾಕುವಂತಿಲ್ಲ. ಸ್ಟಾರ್ಟರ್, ಆಲ್ಟರ್ನೇಟರ್, ಕಾರ್ಬ್ಯುರೇಟರ್‌ಗಳನ್ನು ಅಗ್ಗವೆಂದು ಕಾರಿನ ಅಂಗಡಿಯಿಂದ ತರಬೇಡಿ, ದೋಣಿಯವುಗಳನ್ನು ಮುಚ್ಚಿದ ಕೋಣೆಯಲ್ಲಿ ಪೆಟ್ರೋಲ್ ಆವಿಗೆ ಕಿಡಿ ತಾಗದಂತೆ ಬೇರೆಯಾಗಿಯೇ ಮಾಡಿರುತ್ತಾರೆ.

ಇಷ್ಟಾದ ಮೇಲೆ ಪ್ರೊಪೆಲರ್. ನನ್ನ ದೃಷ್ಟಿಯಲ್ಲಿ ಹಣ ಹಾಕಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಪ್ರೊಪೆಲರಿನ ಪಿಚ್ ಎಂದರೆ ಜಾರದೆ ಒಂದು ಸುತ್ತು ತಿರುಗಿದರೆ ಅದು ಎಷ್ಟು ಇಂಚು ಮುಂದೆ ಹೋಗಬೇಕೆಂಬ ಲೆಕ್ಕ. 3.0 ಲೀಟರ್ ಎಂಜಿನ್ ಪೂರ್ತಿ ಥ್ರಾಟಲಿನಲ್ಲಿ 4400ರಿಂದ 4800 ಆರ್‌ಪಿಎಂ ನಡುವೆ ತಿರುಗಬೇಕು, ನಿಮ್ಮ ಎಂಜಿನ್ನಿಗೆ ಕೈಪಿಡಿಯಲ್ಲಿರುವ ಮಿತಿಯೇ ಪ್ರಮಾಣ. ಆರೋಗ್ಯವಾಗಿರುವ ಎಂಜಿನ್ 4100ಕ್ಕೇ ನಿಂತರೆ ಪಿಚ್ ಹೆಚ್ಚಾಗಿದೆ. ಒಂದು ಇಂಚು ಪಿಚ್ ಇಳಿಸಿದರೆ ಸುಮಾರು 150ರಿಂದ 200 ಆರ್‌ಪಿಎಂ ಏರುತ್ತದೆ. ಎರಡು ಇಂಚು ಇಳಿಸಿದರೆ ದೋಣಿ ಮೇಲೇಳುವ ಚುರುಕೂ ಮರಳುತ್ತದೆ, ಎಂಜಿನ್ನಿನ ಮೇಲಿನ ಹೊರೆಯೂ ಇಳಿಯುತ್ತದೆ.

ಪಿಚ್ ಪ್ರಕಾರ ಬರಬೇಕಾದ ವೇಗಕ್ಕೂ ನಿಜವಾಗಿ ಬರುವ ವೇಗಕ್ಕೂ ಇರುವ ಅಂತರವೇ ಜಾರಿಕೆ, ಅದನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಎಂಜಿನ್ 4600 ಆರ್‌ಪಿಎಂನಲ್ಲಿದ್ದು ಡ್ರೈವಿನ ಗೇರ್ ಅನುಪಾತ 2 ಎಂದುಕೊಂಡರೆ ಪ್ರೊಪೆಲರ್ ನಿಮಿಷಕ್ಕೆ 2300 ಸುತ್ತು ತಿರುಗುತ್ತದೆ. ಅದನ್ನು 19 ಇಂಚು ಪಿಚ್‌ನಿಂದ ಗುಣಿಸಿ, ನಿಮಿಷಕ್ಕಿಷ್ಟು ಇಂಚು ಎಂಬುದನ್ನು ಗಂಟೆಗಿಷ್ಟು ಮೈಲಿಗೆ ತಿರುಗಿಸಲು 1056ರಿಂದ ಭಾಗಿಸಿದರೆ ಗಂಟೆಗೆ ಸುಮಾರು 41 ಮೈಲಿ ಬರುತ್ತದೆ. ಜಿಪಿಎಸ್ 36 ತೋರಿಸಿದರೆ ಜಾರಿಕೆ ನೂರಕ್ಕೆ 13ರಷ್ಟು. ಇಂಥ ದೋಣಿಗೆ 10ರಿಂದ 15 ಸಹಜ. 25 ಬಂದರೆ ಅಲಗು ಬಾಗಿರಬಹುದು, ನಡುವಿನ ರಬ್ಬರ್ ಹಬ್ ಜಾರುತ್ತಿರಬಹುದು, ಇಲ್ಲವೇ ತೂಕ ವಿಪರೀತವಾಗಿರಬಹುದು. ಮಕ್ಕಳನ್ನು ಟ್ಯೂಬಿನಲ್ಲಿ ಎಳೆಯುವುದೇ ಮುಖ್ಯ ಬಳಕೆಯಾಗಿದ್ದರೆ ನಾಲ್ಕಲಗಿನ ಪ್ರೊಪೆಲರ್ ಹಾಕಿ: ಗರಿಷ್ಠ ವೇಗ ಒಂದೆರಡು ಮೈಲಿ ಕಡಿಮೆಯಾಗಬಹುದು, ಆದರೆ ನಿಧಾನವಾಗಿ ಓಡುವಾಗಲೂ ದೋಣಿ ನೀರಿನ ಮೇಲೆಯೇ ನಿಲ್ಲುತ್ತದೆ. ಎತ್ತರದ ಸರೋವರಗಳಲ್ಲಿ ತೆಳುಗಾಳಿಯಿಂದ ಪ್ರತಿ ಸಾವಿರ ಅಡಿಗೆ ನೂರಕ್ಕೆ ಸುಮಾರು ಮೂರರಷ್ಟು ಶಕ್ತಿ ಇಳಿಯುವುದರಿಂದ, ಸುಮಾರು 6200 ಅಡಿ ಎತ್ತರದ ಟಾಹೋ ಸರೋವರಕ್ಕೆ ಹೋಗುವವರು ಕಡಿಮೆ ಪಿಚ್‌ನದೊಂದನ್ನು ಜೊತೆಗೆ ಒಯ್ಯುವುದು ಲೇಸು.

ಡ್ರೈವಿನ ಓರೆಯನ್ನು ಬದಲಿಸುವ ಟ್ರಿಮ್ ಗುಂಡಿಗೆ ಖರ್ಚೇ ಇಲ್ಲ. ಹೊರಡುವಾಗ ಡ್ರೈವನ್ನು ಪೂರ್ತಿ ಒಳಕ್ಕೆಳೆದುಕೊಂಡು, ದೋಣಿ ಎದ್ದ ಮೇಲೆ ಸ್ಟಿಯರಿಂಗ್ ಹಗುರವಾಗುವವರೆಗೆ ಸ್ವಲ್ಪ ಸ್ವಲ್ಪವೇ ಹೊರಕ್ಕೆ ಬಿಡಿ. ಮೂತಿ ಕುಪ್ಪಳಿಸತೊಡಗಿದರೆ ಮತ್ತೆ ಒಳಕ್ಕೆ. ಹಿಂಭಾಗ ತೀರಾ ಕುಸಿಯುವ ಚಿಕ್ಕ ದೋಣಿಗಳಿಗೆ ಟ್ರಾನ್ಸಮಿನ ಕೆಳಅಂಚಿಗೆ ಕೂರಿಸುವ ಚಪ್ಪಟೆ ಹಲಗೆಗಳಾದ ಟ್ರಿಮ್ ಟ್ಯಾಬುಗಳು ಉಪಯುಕ್ತ, ಆದರೆ ಅವನ್ನು ಕೂರಿಸುವ ಸ್ಕ್ರೂಗಳು ಅದೇ ಟ್ರಾನ್ಸಂ ಮರವನ್ನು ಹೊಕ್ಕುವುದರಿಂದ ಪ್ರತಿ ರಂಧ್ರಕ್ಕೂ ಸೀಲಂಟ್ ತುಂಬಲೇಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಏಳು ಜನರೊಂದಿಗೆ ಸ್ಕೀಯರನ್ನು ನೀರಿನಿಂದ ಎತ್ತಲು ದೋಣಿ ಏದುಸಿರು ಬಿಟ್ಟರೆ, ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ಆ ಕೆಲಸ ನಿಜಕ್ಕೂ ಹೆಚ್ಚು. ಆಗ ಎಂಜಿನ್ ಬದಲಿಸುವ ಆಲೋಚನೆ ಬಿಟ್ಟು, ಚೊಕ್ಕವಾಗಿರುವ ಈ ದೋಣಿಯನ್ನು ಬರೆದಿಟ್ಟ ಅಂಕಿಗಳ ಸಮೇತ ಮಾರಿ, 4.3 ಲೀಟರಿನ ವಿ6 ಎಂಜಿನ್ ಇರುವ ದೋಣಿಯನ್ನು ಕೊಳ್ಳಿ; ಎಂಜಿನ್ ಬದಲಿಸಿದರೆ ಡ್ರೈವಿನ ಗೇರ್ ಅನುಪಾತ, ಎಂಜಿನ್ ಕೂರಿಸುವ ಆಧಾರಗಳು, ಎಕ್ಸಾಸ್ಟ್ ಹೀಗೆ ಒಂದರ ಹಿಂದೊಂದು ಬದಲಾಗಬೇಕಾಗುತ್ತದೆ.