ನೆಕ್ಸ್ಟ್‌ಕ್ಲೌಡ್ 25ರಿಂದ 28ಕ್ಕೆ: ಫೈಲು ಮತ್ತೆ ಏರಿಸದೆ ಮೇಲೆ ಹತ್ತಿಸಿದ್ದು

ನೆಕ್ಸ್ಟ್‌ಕ್ಲೌಡ್ ಅಂದರೆ ಸ್ವಂತ ಸರ್ವರಿನಲ್ಲಿ ಫೈಲು ಇಟ್ಟು ಹಂಚಿಕೊಳ್ಳುವ ತಂತ್ರಾಂಶ. ಹೊಸ ಸರ್ವರ್ ಹಾಕಿ ಫೈಲೆಲ್ಲ ಮತ್ತೆ ಏರಿಸುವುದೇ ಸರಿ, ಹಳೆಯದು ಹೊಸ ಆವೃತ್ತಿಗೆ ಹೋಗದು ಎಂದವರೇ ಹೆಚ್ಚು. ಹೋಯಿತು. ಕಾಸರಗೋಡು, ಬದಿಯಡ್ಕ, ಮಂಜೇಶ್ವರ ಮೂರು ಕಚೇರಿ, ಅರುವತ್ತು ಚಿಲ್ಲರೆ ಬಳಕೆದಾರರು, ಒಂದೂವರೆ ಟಿಬಿ ಆಸುಪಾಸು. ಹಂಚಿದ ಲಿಂಕು, ಕಾಮೆಂಟು ಒಂದೂ ಕಳೆಯಲಿಲ್ಲ.

ಮೇಜರ್ ಆವೃತ್ತಿ ಒಂದೊಂದೇ ಹತ್ತಬೇಕು, ಅದು ಗೊತ್ತಿದ್ದದ್ದೇ. ಎಡವುವುದು ನೆಕ್ಸ್ಟ್‌ಕ್ಲೌಡನ್ನು ಓಡಿಸುವ ಪಿಎಚ್‌ಪಿ ಭಾಷೆಯ ಆವೃತ್ತಿಯಲ್ಲಿ. 26ಕ್ಕೆ ಪಿಎಚ್‌ಪಿ 7.4 ಆಗದು. 25 ಇರುವಾಗಲೇ 8.1ಕ್ಕೆ ಬದಲಿಸಿ, 28ರವರೆಗೆ ಅದೇ ಸಾಕು. ವೆಬ್ ಸರ್ವರ್ ಅಪಾಚೆಗೆ 8.1 ಕೊಟ್ಟು ಕಮಾಂಡ್ ಲೈನಿನಲ್ಲಿ 7.4 ಉಳಿದದ್ದು ಅರ್ಧ ದಿನ ತಿಂದಿತು. ಹೊತ್ತುಹೊತ್ತಿಗೆ ತಾನಾಗಿ ಕೆಲಸ ಓಡಿಸುವ ಕ್ರಾನ್ ಸಾಲಿನಲ್ಲೂ ಪಿಎಚ್‌ಪಿಯ ಪೂರ್ತಿ ಪಾತ್ ಬರೆಯಿರಿ.

ನಿಜವಾದ ಸರ್ವರ್ ಮುಟ್ಟುವ ಮೊದಲಿನ ತಾಲೀಮಿಗೆ ಸೆಕೆಂಡ್‌ಹ್ಯಾಂಡ್ ಡೆಸ್ಕ್‌ಟಾಪ್, ಎಸ್‌ಎಸ್‌ಡಿ ಸೇರಿ ಹತ್ತೊಂಬತ್ತು ಸಾವಿರದ ಹತ್ತಿರ. ಒಂದೂವರೆ ಟಿಬಿ ನಕಲು ಮಾಡಲಿಲ್ಲ: ಡೇಟಾಬೇಸ್ ಡಂಪ್ (ಅದರ ಪೂರ್ತಿ ನಕಲು), ಕೋಡು, ಕಾನ್ಫಿಗ್, ಆ್ಯಪ್‌ಡೇಟಾ ಫೋಲ್ಡರು, ಜೊತೆಗೆ ಡೇಟಾ ಫೋಲ್ಡರಿನಲ್ಲಿ ಖಾಲಿ ‘.ಒಸಿಡೇಟಾ’ ಫೈಲು, ಅಷ್ಟೆ. ಅಲ್ಲಿ ಫೈಲ್ಸ್ ಸ್ಕ್ಯಾನ್ ಓಡಿಸಬೇಡಿ, ಫೈಲೇ ಇಲ್ಲವೆಂದು ಡೇಟಾಬೇಸಿನಲ್ಲಿ ಫೈಲುಗಳ ಪಟ್ಟಿ ಇರುವ ಕ್ಯಾಶ್ ಟೇಬಲ್ಲಿನ ಸಾಲುಗಳನ್ನೇ ಅಳಿಸುತ್ತದೆ. ಕಾನ್ಫಿಗ್‌ನಲ್ಲಿ ಡೇಟಾಬೇಸ್ ಎಲ್ಲಿದೆ ಎಂದು ಹೇಳುವ ಡಿಬಿಹೋಸ್ಟ್ ಮೊದಲು ಬದಲಿಸಿ. ಇಲ್ಲವಾದರೆ ತಾಲೀಮು ನಿಜವಾದ ಡೇಟಾಬೇಸಿನ ಮೇಲೆಯೇ ನಡೆದೀತು. ನಾನು ಮರೆತದ್ದು ಮೇಲ್ ಸೆಟ್ಟಿಂಗ್. ನಕಲಿನ ಕ್ರಾನ್ ಎಲ್ಲರಿಗೂ ಹಳೆಯ ನೋಟಿಫಿಕೇಶನ್ ಮೇಲು ಮತ್ತೊಮ್ಮೆ ಕಳಿಸಿತು, ಬೆಳಗ್ಗೆಯಿಂದ ಫೋನೋ ಫೋನು.

ಡಂಪಿಗೆ ಯುಟಿಎಫ್8ಎಂಬಿ4 (ಎಮೋಜಿಯನ್ನೂ ಹಿಡಿಸುವ ಅಕ್ಷರ ಸಂಕೇತ) ಎಂದು ಹೇಳದಿದ್ದಾಗ ಕನ್ನಡ, ಮಲಯಾಳ ಉಳಿದು ಎಮೋಜಿ ಮಾತ್ರ ಪ್ರಶ್ನೆಚಿಹ್ನೆಯಾಯಿತು. ಆ ಗುಂಗಿನಲ್ಲಿ ಕಡತದ ಹೆಸರನ್ನೂ ಅಳೆದೆ: ಲಿನಕ್ಸಿನ ಕಡತ ವ್ಯವಸ್ಥೆ ಇಎಕ್ಸ್‌ಟಿ4ರಲ್ಲಿ ಹೆಸರಿಗೆ 255 ಬೈಟ್, ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಗೆ 3. ‘ಕ್ಷ’ ಒಂದೇ 9 ನುಂಗುತ್ತದೆ. ಮ್ಯಾಕ್‌ನಿಂದ ಬಂದ ಕೆಲವು ಹೆಸರಿನಲ್ಲಿ ‘ಕೊ’ದ ಒತ್ವ ಎರಡು ತುಂಡಾಗಿರುತ್ತದೆ, ಕಣ್ಣಿಗೆ ಒಂದೇ, ಸರ್ವರಿಗೆ ಬೇರೆ ಫೈಲು. ಅವನ್ನು ಮೊದಲೇ ಸರಿಮಾಡಿಸಿದ ಸ್ಕ್ರಿಪ್ಟ್ ಮಾತ್ರ ಕೊಡಲಾರೆ.

ನಿಜವಾದ ಕೆಲಸ ಎರಡನೇ ಶನಿವಾರ ಸಂಜೆ. ಮೇಂಟೆನೆನ್ಸ್ ಮೋಡ್, ಡಂಪ್, ಸ್ನ್ಯಾಪ್‌ಶಾಟ್, ಆಮೇಲೆ 26, 27, 28. ಒಂದೊಂದಕ್ಕೆ ಇಪ್ಪತ್ತು ಮೂವತ್ತು ನಿಮಿಷ. ಡೇಟಾಬೇಸಿಗೆ ಇಂಡೆಕ್ಸ್ ಸೇರಿಸುವ ಒಸಿಸಿ (ನೆಕ್ಸ್ಟ್‌ಕ್ಲೌಡಿನ ಕಮಾಂಡ್ ಲೈನ್ ಸಲಕರಣೆ) ಕಮಾಂಡಿಗೆ ಬೇರೆ ಮುಕ್ಕಾಲು ಗಂಟೆ. ಹೊರಗಿನವರ ಆ್ಯಪ್ ಎರಡು ತಾವೇ ನಿಂತವು, ಒಂದನ್ನು ಮತ್ತೆ ಹಚ್ಚಲೇ ಇಲ್ಲ, ಯಾರೂ ಕೇಳಲಿಲ್ಲ.

ಕೈಕೊಟ್ಟು ಹಳೆಯ ಡಂಪಿಗೆ ಮರಳಿದರೆ, ಬಳಕೆದಾರರಿಗೆ ಬಾಗಿಲು ತೆರೆಯುವ ಮೊದಲು, ಸರ್ವರ್ ಹಳೆಯ ನಕಲಿಗೆ ಮರಳಿದೆ ಎಂದು ಕ್ಲೈಂಟಿಗೆ ತಿಳಿಸುವ ಡೇಟಾ ಫಿಂಗರ್‌ಪ್ರಿಂಟ್ ಕಮಾಂಡ್ ಕೊಡಿ. ಕೊಡದಿದ್ದರೆ ಡೆಸ್ಕ್‌ಟಾಪ್ ಕ್ಲೈಂಟು ಸರ್ವರಿನಲ್ಲಿ ಕಾಣದ ಹೊಸ ಫೈಲನ್ನು ತನ್ನಲ್ಲಿಯೂ ಅಳಿಸುತ್ತದೆ. ಆಟಿ ತಿಂಗಳ ಮಳೆಯಲ್ಲಿ ಕೈಹಾಕಬೇಡಿ, ಕರೆಂಟು ನೆಚ್ಚುವಂತಿಲ್ಲ. ಯುಪಿಎಸ್ ಬ್ಯಾಟರಿಗೆ ಏಳು ಸಾವಿರ ಹೋದದ್ದನ್ನು ಮೇಲಿನ ಲೆಕ್ಕಕ್ಕೆ ಸೇರಿಸಿಲ್ಲ.