ಡಯಾಲಿಸಿಸ್ ಹಾಸಿಗೆ ಪಕ್ಕದಲ್ಲೇ ಖಿನ್ನತೆ ತಪಾಸಣೆ: ನನ್ನ ಅನುಭವ

‘ಕಿಡ್ನಿ ಹೋದವರಿಗೆ ಬೇಜಾರು ಇರದೆ ಇನ್ನೇನಿರುತ್ತೆ?’ ಡಯಾಲಿಸಿಸ್ ಯೂನಿಟ್‌ನಲ್ಲೇ ಖಿನ್ನತೆ ತಪಾಸಣೆ ಮಾಡೋಣ ಅಂದಾಗ ನನಗೆ ಸಿಕ್ಕ ಉತ್ತರ ಇದು. ಜೊತೆಯ ಟೆಕ್ನಿಷಿಯನ್‌ಗಳೂ ಇದನ್ನೇ ಹೇಳಿದರು, ಡಾಕ್ಟರೂ ಇದನ್ನೇ ಹೇಳಿದರು. ಈಗ ಅವರೇ ಪಕ್ಕದ ತಾಲೂಕಿನ ಯೂನಿಟ್‌ನವರಿಗೆ ನನ್ನ ನಂಬರ್ ಕೊಡುತ್ತಿದ್ದಾರೆ. ಎಲ್ಲರಿಗೂ ಫೋನಿನಲ್ಲಿ ಹೇಳುವ ಬದಲು ಬರೆದೇ ಬಿಡುತ್ತೇನೆ.

ಮೊದಲು ಕೈಕೊಟ್ಟ ದಾರಿಗಳು. ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ಚೀಟಿ ಬರೆಸಿ ಕೊಟ್ಟೆವು. ಹೆಚ್ಚುಕಡಿಮೆ ಯಾರೂ ಹೋಗಲಿಲ್ಲ. ಚೀಟಿ ಫೈಲಿನಲ್ಲೇ ಮಡಚಿಕೊಂಡು ಉಳಿಯಿತು. ಹೋಗುವುದಾದರೂ ಹೇಗೆ? ವಾರಕ್ಕೆ ಮೂರು ದಿನ ನಮ್ಮಲ್ಲೇ ಕಳೆಯುತ್ತೆ. ಡಯಾಲಿಸಿಸ್ ಪುಕ್ಕಟೆ ಆದರೂ ಇಬ್ಬರ ಬಸ್ ಚಾರ್ಜು, ಊಟ, ಜೊತೆಗೆ ಬರುವ ಮಗನ ಕೂಲಿ ಸೇರಿದರೆ ದಿನಕ್ಕೆ 800-900 ರೂಪಾಯಿ ಹೋಗುತ್ತೆ. ನಾಲ್ಕನೇ ದಿನ ಜಿಲ್ಲಾ ಕೇಂದ್ರಕ್ಕೆ ಹೋಗಿ ಅಂದರೆ ಯಾರು ಹೋಗುತ್ತಾರೆ? ಆಮೇಲೆ ಭಾನುವಾರ ಸಭೆ ಕರೆದೆವು. ಟೀ, ಬಿಸ್ಕೆಟ್, ಬ್ಯಾನರ್ ಅಂತ ಎರಡು ಸಾವಿರದಷ್ಟು ಖರ್ಚಾಯಿತು, ಬಂದವರು ಮೂರ್ನಾಲ್ಕು ಜನ.

ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಫಾರಂ ಅನ್ನು ಕಾಯುವ ಜಾಗದಲ್ಲಿ ಕೊಟ್ಟು ನೋಡಿದೆವು. ಅಪ್ಪನ ಪ್ರಶ್ನೆಗೆ ಮಗ ಉತ್ತರ ಬರೆದ. ಸುಸ್ತು, ನಿದ್ದೆ, ಹಸಿವಿನ ಪ್ರಶ್ನೆಗಳಿಗೆ ನಮ್ಮ ರೋಗಿಗಳಲ್ಲಿ ಯಾರು ತಾನೆ ಇಲ್ಲ ಅನ್ನುತ್ತಾರೆ? ಅರ್ಧಕ್ಕಿಂತ ಜಾಸ್ತಿ ಜನರಿಗೆ ಅಂಕ 10 ದಾಟಿತು, ಅಂದರೆ ಖಿನ್ನತೆ ಇರಬಹುದು ಅಂತ. ‘ನೋಡಿದಿರಾ, ನಾವು ಹೇಳಿರಲಿಲ್ವಾ’ ಅಂದರು ಜೊತೆಯವರು.

ಕೆಲಸ ಮಾಡಿದ್ದು ಸಮಯ ಬದಲಿಸಿದಾಗ. ಎರಡು ದಿನ ಡಯಾಲಿಸಿಸ್ ಇಲ್ಲದೆ ಕಳೆದು ಬರುವ ಮೊದಲ ದಿನ ಕೇಳಲೇಬಾರದು. ಮೈಯಲ್ಲಿ ನೀರು ತುಂಬಿರುತ್ತೆ, ಉಸಿರಿಗೇ ಕಷ್ಟ. ವಾರದ ನಡುವಿನ ಸರದಿಯಲ್ಲಿ, ಮಷೀನ್ ಹಾಕಿ ಅರ್ಧ ಗಂಟೆ ಆದ ಮೇಲೆ, ಎರಡನೇ ಗಂಟೆ ಮುಗಿಯುವುದರೊಳಗೆ ಕೇಳಬೇಕು. ಮೂರನೇ ಗಂಟೆಯಿಂದ ಬಿಪಿ ಇಳಿಯುವುದು, ಕಾಲು ಸೆಳೆಯುವುದು ಶುರುವಾಗುತ್ತೆ. ನಾಲ್ಕನೇ ಗಂಟೆಯಲ್ಲಿ ಎಲ್ಲರ ಕಣ್ಣೂ ಗಡಿಯಾರದ ಮೇಲೆ. ಫಾರಂ ಕೈಗೆ ಕೊಡಬೇಡಿ, ಮಾತಾಡುತ್ತಾ ಕೇಳಿ. ಒಂಬತ್ತೂ ಪ್ರಶ್ನೆ ಕೇಳುತ್ತೇನೆ. ಆದರೆ ಹೆಚ್ಚು ತೂಕ ಕೊಡುವುದು ಆಸಕ್ತಿ ಹೋಗಿದೆಯಾ, ಮನಸ್ಸು ಕುಗ್ಗಿದೆಯಾ, ಮನೆಯವರಿಗೆ ಭಾರವಾಗಿದ್ದೇನೆ ಅನ್ನಿಸುತ್ತಾ, ಸಾಯೋಣ ಅನ್ನಿಸುತ್ತಾ ಎಂಬುದಕ್ಕೆ. ಸುಸ್ತು ಕಿಡ್ನಿಯದ್ದೂ ಆಗಿರಬಹುದು. ಮೊಮ್ಮಗಳು ಬಂದರೂ ಮುಖ ತಿರುಗಿಸಿ ಮಲಗುವುದು ಕಿಡ್ನಿಯದ್ದಲ್ಲ.

ಜೊತೆಗೆ ಬಂದವರನ್ನು ಆ ಹೊತ್ತಿಗೆ ಹೊರಗೆ ಕಳಿಸಲು ನನ್ನದೊಂದು ಉಪಾಯ ಇದೆ. ಇಲ್ಲಿ ಬರೆದರೆ ಮನೆಯವರೂ ಓದುತ್ತಾರೆ, ಆಮೇಲೆ ಅದು ನಡೆಯಲ್ಲ. ಯೂನಿಟ್‌ಗೆ ಬನ್ನಿ, ತೋರಿಸುತ್ತೇನೆ.

ಒಂಬತ್ತನೇ ಪ್ರಶ್ನೆಗೆ, ಅಂದರೆ ಸಾಯೋಣ ಅನ್ನಿಸುತ್ತಾ ಎಂಬುದಕ್ಕೆ, ‘ಹೌದು’ ಬಂದರೆ ಮಾತ್ರ ಕಾಯುವಂತಿಲ್ಲ. ಅವತ್ತೇ ಡಾಕ್ಟರಿಗೆ ಹೇಳಬೇಕು, ಮನೆಯವರಿಗೂ ಗೊತ್ತಾಗಬೇಕು, ಮಾತ್ರೆ ಡಬ್ಬಿ ಮತ್ತು ಹೊಲದ ಔಷಧಿ ಬೇರೆಯವರ ಕೈಗೆ ಹೋಗಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ನಮ್ಮೆಲ್ಲ ಮಷೀನ್‌ಗಳ ಮೇಲೂ ಅಂಟಿಸಿದ್ದೇನೆ.

ಮನೋವೈದ್ಯರ ಹತ್ತಿರ ಕಳಿಸುವ ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್, ಮಾತ್ರೆ ಚೀಟಿ ನೋಡಲೇಬೇಕು. ಒಬ್ಬರು ತಿಂಗಳಿಂದ ಮಂಕಾಗಿ, ಮಾತೇ ಇಲ್ಲದೆ ಕೂರುತ್ತಿದ್ದರು. ಖಿನ್ನತೆ ಅಂತಲೇ ಎಲ್ಲರೂ ಅಂದುಕೊಂಡಿದ್ದೆವು. ಕಾಲುರಿಗೆ ಹೊರಗಡೆ ಒಬ್ಬರು ನರದ ನೋವಿನ ಮಾತ್ರೆ ಗ್ಯಾಬಪೆಂಟಿನ್ 300 ಮಿ.ಗ್ರಾಂ ಅನ್ನು ದಿನಕ್ಕೆ ಮೂರು ಸಲ ಬರೆದಿದ್ದರು. ಕಿಡ್ನಿಯಿಂದ ಹೊರಹೋಗುವ ಮಾತ್ರೆ ಅದು, ಮೈಯಲ್ಲೇ ಉಳಿದುಬಿಟ್ಟಿತ್ತು. ನಮ್ಮ ಡಾಕ್ಟರು ಡಯಾಲಿಸಿಸ್ ಆದ ಮೇಲೆ ಮಾತ್ರ 100 ಅಂತ ಇಳಿಸಿದರು. ವಾರದೊಳಗೆ ಮನುಷ್ಯ ಮತ್ತೆ ರಾಜಕೀಯ ಮಾತಾಡಲು ಶುರುಮಾಡಿದರು! ಇಂಥ ಒಂದು ಕೇಸಿನಲ್ಲೇ ನನ್ನ ಶ್ರಮಕ್ಕೆ ಬೆಲೆ ಬಂತು.

ಇನ್ನು ಮಂಗಳವಾರದ ವಿಷಯ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬರುತ್ತಾರೆ, ಗೊತ್ತಿರುವುದೇ. ಅವರು ಕೂರುವ ಕೋಣೆಗೆ ನಮ್ಮವರು ಹೋಗಲ್ಲ, ಊರವರು ನೋಡುತ್ತಾರೆ ಅಂತ ಭಯ. ಹಾಗಾಗಿ ಅವರನ್ನೇ ಯೂನಿಟ್‌ಗೆ ಕರೆತಂದೆ. ನೋಡುವವರಿಗೆ ಅದು ಡಯಾಲಿಸಿಸ್ ರೌಂಡ್ಸ್ ಅಷ್ಟೆ. ಸೋಮ-ಬುಧ-ಶುಕ್ರದವರನ್ನು ಮಂಗಳವಾರಕ್ಕೆ ತರುವಾಗ ಎಚ್ಚರ ಬೇಕು. ಶುಕ್ರವಾರದ್ದನ್ನು ಶನಿವಾರಕ್ಕೆ ತಳ್ಳಿ, ಆಮೇಲೆ ಮಂಗಳವಾರ ಕೊಡಿ. ಸುಮ್ನೆ ಸೋಮವಾರದ್ದನ್ನು ಮಂಗಳವಾರ ಮಾಡಿದರೆ ನಾಲ್ಕು ದಿನದ ಅಂತರ ಬೀಳುತ್ತೆ, ರಕ್ತದಲ್ಲಿ ಪೊಟ್ಯಾಶಿಯಂ ಏರಿ ಹೃದಯಕ್ಕೆ ಅಪಾಯವಾಗುತ್ತೆ.

ಮನೋವೈದ್ಯರು ಹೆಚ್ಚಾಗಿ ಖಿನ್ನತೆಯ ಮಾತ್ರೆ ಸರ್ಟ್ರಾಲಿನ್ 25 ಮಿ.ಗ್ರಾಂನಿಂದ ಶುರುಮಾಡುತ್ತಾರೆ. ಮೊದಲ ವಾರ ಹೊಟ್ಟೆ ತೊಳಸುತ್ತೆ, ಜನ ಬಿಟ್ಟುಬಿಡುತ್ತಾರೆ. ಅದಕ್ಕೇ ಪ್ರತಿ ಸರದಿಯಲ್ಲೂ ಮಾತ್ರೆ ಸ್ಟ್ರಿಪ್ ತರಿಸಿ ನೋಡುತ್ತೇನೆ. ಆಸ್ಪತ್ರೆಯಲ್ಲಿ ಸ್ಟಾಕ್ ಇಲ್ಲದಿದ್ದರೆ ಹೊರಗೆ ತಿಂಗಳಿಗೆ 150-200 ರೂಪಾಯಿ. ಅದನ್ನೂ ಕೊಡಲಾಗದವರಿಗೆ ಊರಿನ ಮೆಡಿಕಲ್ ಅಂಗಡಿಯವರೊಬ್ಬರು ಕೊಡುತ್ತಿದ್ದಾರೆ.

ನಡುವೆ ಕೆಲವು ಪ್ರಯೋಗ ಮಾಡಿದೆ. ಹೆಡ್‌ಫೋನಿನಲ್ಲಿ ಹಾಡು ಹಾಕಿದೆ, ಎರಡು ವಾರಕ್ಕೆ ಎಲ್ಲರಿಗೂ ಸಾಕಾಯಿತು. ಹೊಸಬರ ಹಾಸಿಗೆಯನ್ನು ಐದಾರು ವರ್ಷದಿಂದ ಡಯಾಲಿಸಿಸ್‌ನಲ್ಲಿರುವವರ ಪಕ್ಕಕ್ಕೆ ಹಾಕಿದ್ದು ಮಾತ್ರ ಚೆನ್ನಾಗಿ ಕೆಲಸ ಮಾಡಿತು. ಪೈಸೆ ಖರ್ಚಿಲ್ಲ. ಫಿಸ್ಟುಲಾ ತೋಳು (ಡಯಾಲಿಸಿಸ್ ಸೂಜಿ ಚುಚ್ಚಲು ಆಪರೇಷನ್ ಮಾಡಿ ರಕ್ತನಾಳ ಜೋಡಿಸಿದ ತೋಳು) ತೋರಿಸಿ ಅವರು ಕೊಡುವ ಧೈರ್ಯ ನಾನು ಎಷ್ಟು ಮಾತಾಡಿದರೂ ಬರಲ್ಲ.

ಲೆಕ್ಕ ನೆನಪಿನಿಂದ ಹೇಳುತ್ತೇನೆ. ನಲವತ್ತರ ಹತ್ತಿರ ರೋಗಿಗಳಲ್ಲಿ ಹನ್ನೆರಡು-ಹದಿಮೂರು ಜನರಿಗೆ ಅಂಕ ಜಾಸ್ತಿ ಬಂತು. ಮೂರ್ನಾಲ್ಕು ಜನರದ್ದು ರಕ್ತಹೀನತೆ ಅಥವಾ ಮಾತ್ರೆಯ ತೊಂದರೆ. ಉಳಿದವರಲ್ಲಿ ಆರೇಳು ಮಂದಿ ಚಿಕಿತ್ಸೆಯಲ್ಲಿ ನಿಂತರು. ಮೊದಲು ತಿಂಗಳಿಗೆ ಇಪ್ಪತ್ತರಷ್ಟು ಸರದಿ ತಪ್ಪುತ್ತಿತ್ತು, ಈಗ ಐದಾರು. ಸರದಿಗೆ ಸರದಿಗೆ ನಾಲ್ಕು ಕೆಜಿ ನೀರಿನ ತೂಕ ಏರಿಸಿಕೊಂಡು ಬರುತ್ತಿದ್ದ ಒಬ್ಬರು ಎರಡೂವರೆಗೆ ಇಳಿದಿದ್ದಾರೆ. ನೀರು ಕುಡಿಯಬೇಡಿ ಅಂತ ವರ್ಷಗಟ್ಟಲೆ ಬೈದು ಆಗದ್ದು ಇದು. ಒಟ್ಟು ಖರ್ಚು ಹಾಸಿಗೆ ನಡುವಿನ ಪರದೆಗೆ 3,500 ರೂಪಾಯಿ, ಜೊತೆಗೆ ಜೆರಾಕ್ಸ್.

ರಾತ್ರಿ ಶಿಫ್ಟ್‌ಗೆ ಇದನ್ನು ಇನ್ನೂ ತಂದಿಲ್ಲ. ಅಲ್ಲಿ ಒಬ್ಬನೇ ಟೆಕ್ನಿಷಿಯನ್, ಮನೋವೈದ್ಯರೂ ಆ ಹೊತ್ತಿಗೆ ಸಿಗಲ್ಲ. ನಿಮ್ಮಲ್ಲಿ ಯಾರಾದರೂ ರಾತ್ರಿ ಶಿಫ್ಟ್‌ನಲ್ಲಿ ಮಾಡಿದ್ದರೆ ಹೇಗೆ ಅಂತ ನನಗೆ ತಿಳಿಸಿ.